ಹಳ್ಳದಲ್ಲಿ ಮುಳುಗಿಸಿಟ್ಟ ಗೆಣಸು

ಎಸರು ಮರಳಿ ಮುದ್ದೆಯ ಕೋಲು ಕೈಗೆ ಬರುವ ಹೊತ್ತಿಗೇ ನನ್ನ ತಮ್ಮ ಚಂದ್ರುವಿನ ಫೋನು ಬರುತ್ತದೆ. ಕಡೂರಿನಲ್ಲಿ ಬೋರ್‌ವೆಲ್ ಲಾರಿಯ ಕೆಲಸ ಕಲಿತವನು ಈಗ ಮಧ್ಯ ಆಫ್ರಿಕಾದ ಪುಟ್ಟ ಹಳ್ಳಿಯೊಂದರಲ್ಲಿ ನೆಲ ಕೊರೆಯುತ್ತಿದ್ದಾನೆ. "ಇಲ್ಲೂ ಮುದ್ದೇನೇ ಕಣಕ್ಕ, ಮರಗೆಣಸಿಂದು, ಬೆಳ್ಳಗಿರುತ್ತೆ ಅಷ್ಟೆ" ಎಂದು ಮೊದಲ ದಿನವೇ ಹೇಳಿದ್ದ. ಅಂದಿನಿಂದ ನಾನು ಹಿಟ್ಟು ತಿರುವುತ್ತಲೇ ಆ ಕಾಣದ ಊರಿನ ಕೆಮ್ಮಣ್ಣಿನ ಬೀದಿಯಲ್ಲಿ ಓಡಾಡಿಕೊಂಡಿದ್ದೇನೆ.

ಆ ಊರು ಹಿಂದೆ ಕಾಡಿನೊಳಗಿತ್ತಂತೆ. ಬಿಳಿಯರ ಆಳ್ವಿಕೆಯಲ್ಲಿ ರಸ್ತೆ ಹಾಕಿ, ಎಲ್ಲರನ್ನೂ ಎಬ್ಬಿಸಿ ತಂದು ಅದರ ಪಕ್ಕ ಕೂರಿಸಿದರಂತೆ. ಹಳೇ ಊರಲ್ಲೀಗ ತಾಳೆಮರಗಳು, ಹಿರಿಯರ ಸಮಾಧಿಗಳು. ಜನ ಬಿಟ್ಟುಹೋದ ಊರನ್ನು ನಮ್ಮ ಕಂದಾಯದವರು ಬೇಚರಾಕ್ ಅನ್ನುತ್ತಾರೆ, ದೀಪವಿಲ್ಲದ್ದು ಎಂದು. ಆದರೆ ಅಲ್ಲಿಯವರು ಸತ್ತವರನ್ನು ಇಂದಿಗೂ ಆ ಹಳೇ ಊರಿಗೇ ಹೊತ್ತೊಯ್ಯುತ್ತಾರೆ. ನೀವೇ ಹೇಳಿ, ಅಲ್ಲಿ ದೀಪ ಆರಿದೆಯೇ?

ಒಂದು ಸಂಜೆ ಚಂದ್ರುವಿನ ದನಿ ಕುಗ್ಗಿತ್ತು. "ಅಕ್ಕಾ, ಎಡವಟ್ಟು ಮಾಡ್ಬಿಟ್ಟೆ."

ಹಳ್ಳದ ನೀರಲ್ಲಿ ಸುಲಿದ ಮರಗೆಣಸು ಕಂಡು, ಯಾರದೋ ಕೊಳೆತುಹೋಗುತ್ತಿದೆಯೆಂದು ಎತ್ತಿ ಬಂಡೆಯ ಮೇಲೆ ಹರವಿದ್ದಾನೆ. ಮೋಡ ಕವಿದರೆ ದಾರಿಹೋಕನೂ ಪರರ ಕಣದ ರಾಗಿಗೆ ಟಾರ್ಪಾಲು ಹೊದಿಸುವ ಸೀಮೆಯವನಲ್ಲವೇ! ಆದರೆ ಆ ಗೆಣಸಿನಲ್ಲಿ ವಿಷವಿರುತ್ತದೆ. ದಿನಗಟ್ಟಲೆ ನೀರಲ್ಲಿದ್ದರಷ್ಟೇ ಬಿಡುತ್ತದೆ. ಅದು ಅವನ ಬಿಡಾರದ ಪಕ್ಕದ ಮನೆಯ ಮಾರ್ತಾಳದು. ತೀರಿಕೊಂಡ ತಾಯಿಯ ಸೂತಕ ಕಳೆಯುವ ಊಟಕ್ಕೆಂದು ಇಟ್ಟದ್ದು. ಊಟ ಮಾರನೆಯ ದಿನವೇ.

"ಬೈದಳೇನೋ?"

"ಭಾಷೆ ಬರ್ದಿದ್ರೂ ಎಲ್ಲಾ ಅರ್ಥ ಆಯ್ತು. ನಮ್ಮ ಶಿವನಿ ಊರಿನ ಅತ್ತೆ ಬೈದಂಗೇ ಇತ್ತು."

"ಲೇ, ಅಡಗಿ ಕೂತ್ಕೋಬೇಡ. ಹೋಗಿ ಗೆಣಸು ಕುಟ್ಟೋಕೆ ಅವಳ ಒನಕೆ ಹಿಡಿ."

"ಇಲ್ಲಿ ಗಂಡಸ್ರು ಒನಕೆ ಮುಟ್ಟಲ್ಲ ಕಣಕ್ಕ. ನಗ್ತಾರೆ."

"ನಗ್ಲಿ ಬಿಡೋ. ಸಾವಿನ ಮನೆಗೆ ನಗು ಬಂದ್ರೆ ಕೆಟ್ಟದ್ದೇನಲ್ಲ."

ಮಾರನೆಯ ಸಂಜೆ ಫೋನಿಲ್ಲ. ನನ್ನ ಮುದ್ದೆ ಗಂಟುಗಂಟಾಯಿತು.

ಅದರ ಮರುದಿನ ಬಂತು. ಊರ ಹೆಂಗಸರು ತಂತಮ್ಮ ಪಾಲಿನ ನೆನೆದ ಗೆಣಸನ್ನು ಒಂದೊಂದು ಬುಟ್ಟಿ ತಂದು ಮಾರ್ತಾಳ ಅಂಗಳಕ್ಕೆ ಸುರಿದರಂತೆ. ಇವನು ಕುಟ್ಟಿದ, ಒನಕೆ ಒರಳಿಗಿಂತ ನೆಲಕ್ಕೇ ಹೆಚ್ಚು ಬಿತ್ತು, ಅವರೆಲ್ಲ ಕಣ್ಣೊರೆಸಿಕೊಂಡು ನಕ್ಕರು. ಮಾರ್ತಾ ಮಾತ್ರ ನಗಲಿಲ್ಲ.

ಊಟಕ್ಕೆ ಇವನನ್ನೂ ಕರೆದರು. ಎಲೆಯ ಮೇಲೆ ಬಿಳಿಯ ಮುದ್ದೆ ಬಂದಾಗ, ವಿಷದ ಮಾತು ನೆನಪಾಗಿ ಕೈ ಹಿಂಜರಿಯಿತಂತೆ. ಮಾರ್ತಾ ಅದನ್ನು ಕಂಡಳು. ಬಂದು ಎದುರಿಗೆ ಕುಳಿತಳು. ಅವನ ಎಲೆಯಿಂದಲೇ ಒಂದು ತುತ್ತು ಮುರಿದು, ಅವನು ನೋಡುತ್ತಿರುವಂತೆಯೇ ನುಂಗಿ, ಆಮೇಲೆ ನಕ್ಕಳು.