ಅತ್ತೆಯ ಮಗಳಿಗೆ ಕಲಿಸಿದ ‘ಲರ್ನ್’

ದಡ್ಡತನ ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಅತ್ತೆಯ ಮಗಳಿಗೆ ಇಂಗ್ಲಿಷ್ ಕಲಿಸುತ್ತೇನೆಂದು ಹೊರಟಾಗ ನನಗೆ ಬರುತ್ತಿದ್ದುದು ಇಂಗ್ಲಿಷ್ ಅಲ್ಲ, ಬಾಗಲಕೋಟೆ ಕಾಲೇಜಿನ ನಮ್ಮ ಇಂಗ್ಲಿಷ್ ಮಾಸ್ತರರ ಧ್ವನಿ. ಮೂಗಿನಿಂದ ಎಳೆದು ಕೊನೆಗೊಂದು ಕೆಮ್ಮು ಸೇರಿಸಿದರೆ ಮುಗಿಯಿತು. ತಪ್ಪು ಕೂಡ ಪಾಂಡಿತ್ಯದಂತೆ ಕೇಳುತ್ತಿತ್ತು.

ಅದು ಎಂಬತ್ತರ ದಶಕದ ಆರಂಭ. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿದ್ದಳು. ಶನಿವಾರ ಬಂತೆಂದರೆ ನಾನು ಗುಳೇದಗುಡ್ಡದ ಬಸ್ಸು ಹಿಡಿಯುತ್ತಿದ್ದೆ. ಹುಡುಗನಿಗೆ ಕಲಿಸುವ ಹುರುಪು ಎಂದು ಮನೆಯವರು ತಿಳಿದಿದ್ದರು. ನಾನೋ, ಸೋಮವಾರದಿಂದಲೇ ಅವಳ ಮಗ್ಗದ ಸದ್ದನ್ನು ಬಾಯಲ್ಲಿ ತೆಗೆಯುತ್ತ ಓಡಾಡುತ್ತಿದ್ದೆ. ಸದ್ದು ತದ್ರೂಪ ಬರುತ್ತಿತ್ತು. ಮಗ್ಗದ ಮುಂದೆ ಕೂತವಳು ಮಾತ್ರ ಬರುತ್ತಿರಲಿಲ್ಲ.

ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕುಪ್ಪಸದ ಖಣ ನೇಯುತ್ತಲೇ ಅವಳು ಪಾಠ ಕೇಳುವಳು. ಅವತ್ತು ‘ಲರ್ನ್’ ಬಂತು. ಮಾಸ್ತರರ ಮೂಗಿನಲ್ಲಿ ವಿವರಿಸಿದೆ: ನೇಯುವುದು ಕಲಿತರೂ ಲರ್ನ್, ಪದ್ಯ ಬಾಯಿಪಾಠ ಮಾಡಿದರೂ ಲರ್ನ್, ಗೊತ್ತಿಲ್ಲದ ಸುದ್ದಿ ತಿಳಿದರೂ ಲರ್ನ್.

“ಮೂರಕ್ಕೂ ಒಂದ ಶಬ್ದಾನ? ಭಾಳ ಬಡವರ ಭಾಷಿ ಐತಿ ಬಿಡು ಮಾಮಾ,” ಎಂದಳು.

“ನಗೂದು ಆಮ್ಯಾಲ. ಮೂರನೇದಕ್ಕ ಒಂದು ಉದಾಹರಣಿ ಕೊಡು.”

ಲಾಳಿ ಆಚೆ ಹೋಗಿ ಈಚೆ ಬಂತು. “ಹೋದ ವಾರ ನೋಡಿ ಹೋದ ಇಳಕಲ್ಲಿನವ್ರು ನನ್ನ ಒಪ್ಯಾರಂತ. ನಿನ್ನೆ ತಿಳೀತು. ಲರ್ನ್ ಹೌದಿಲ್ಲ?”

“ಕರೆಕ್ಟ್,” ಎಂದೆ, ಕೆಮ್ಮಿನ ಸಮೇತ.

ನಮ್ಮಲ್ಲಿ ಅತ್ತೆಯ ಮಗಳನ್ನು ತಂದುಕೊಳ್ಳುವುದು ರೂಢಿ. ಸಣ್ಣವರಿದ್ದಾಗಿನಿಂದ ಎರಡೂ ಮನೆಯವರು ನಮ್ಮನ್ನು ಗಂಡ-ಹೆಂಡತಿ ಎಂದು ಕಾಡಿಸಿದವರೇ. ಆ ಚೇಷ್ಟೆಯನ್ನೇ ನಿಶ್ಚಯವೆಂದು ನಂಬಿ, ಊರವರನ್ನೆಲ್ಲ ಅಣಕಿಸುತ್ತಿದ್ದ ನಾನು ಇದೊಂದು ಮಾತನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ಈಗಲೂ ನನ್ನ ಸ್ವಂತ ಧ್ವನಿಯಲ್ಲಿ ಕೇಳಲಿಲ್ಲ. ಅತ್ತೆಯ ಧ್ವನಿ ತೆಗೆದೆ. ಇಲ್ಲದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, “ಮನ್ಯಾಗ ಹುಡುಗ ಇರೂವಾಗ ಇಳಕಲ್ ತನಕ ಯಾಕವಾ?” ಎಂದೆ.

ಅತ್ತೆಯ ಧ್ವನಿ ತೆಗೆದಾಗಲೆಲ್ಲ ಅವಳು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅಂದು ಮಗ್ಗ ನಿಲ್ಲಿಸಿ ನನ್ನ ಮುಖ ನೋಡಿದಳು. ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು ಕಾದೆ.

“ನಿನ್ನೆ ಅವ್ವ ಕೇಳಿದ್ಲು, ಅವ್ವಗ ಹೂಂ ಅಂದೀನಿ. ಮೊದ್ಲ ನೀ ಕೇಳಿದ್ರ ನಿನಗ ಅಂತಿದ್ನಿ.”