ಗಾಜಿನೊಳಗಿನ ವಿಲಾಯಿತಿ ಮುದ್ರೆಗಳು

ಅರವತ್ತರ ದಶಕದಲ್ಲಿ ಯಶವಂತಪುರದಲ್ಲಿ ಪಟಗಳಿಗೆ ಕಟ್ಟು ಹಾಕುವವರೊಬ್ಬರಿದ್ದರು. ಹಿಂದಿನ ಶತಮಾನದ ಇಂಗ್ಲಿಷ್ ಪುಸ್ತಕವೊಂದರಿಂದ ಕತ್ತರಿಸಿಕೊಂಡ, ವಿಲಾಯಿತಿ ವಿಶ್ವವಿದ್ಯಾಲಯಗಳ ಮುದ್ರೆಗಳ ಅಚ್ಚುಚಿತ್ರಗಳೇ ಅವರ ಅಂಗಡಿಯ ಗೋಡೆಯ ಆಸ್ತಿ. ಯಾರು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ನೋಡೋಕೆ ಸ್ವಾಮಿ, ಮಾರೋಕಲ್ಲ" ಎಂದು ತೀರ್ಪು ಕೊಡುತ್ತಿದ್ದರು. ನನಗೇ ಮೂರು ಸಲ ಆ ತೀರ್ಪು ಸಿಕ್ಕಿತ್ತು.

ಒಮ್ಮೆ ಕೊಡಿಗೇಹಳ್ಳಿಯ ಹೆಂಗಸೊಬ್ಬರು ನನ್ನೆದುರೇ ಒಂದು ಮುದ್ರೆಗೆ ಕೈಮುಗಿದರು. ಅದರಲ್ಲಿ ಗಡ್ಡದ ಸಂತನೊಬ್ಬ ಪುಸ್ತಕ ಹಿಡಿದು ಕೂತಿದ್ದ.

"ಯಾವ ದ್ಯಾವ್ರಣ್ಣ ಇದು?"

"ದೇವ್ರಲ್ಲ ಕಣಮ್ಮ, ವಿಲಾಯ್ತಿ ಕಾಲೇಜಿನ ಮೊಹರು."

"ಓದ್ಸೋ ದ್ಯಾವ್ರೇ ತಾನೆ? ನನ್ ಮಗಳು ಎಸ್ಸೆಲ್ಸಿ ಎರಡ್ ಸಲ ಫೇಲು. ಈ ಸಲಾನೂ ಇಂಗೇ ಆದ್ರೆ ಅವ್ರಪ್ಪ ಓದು ಬಿಡಿಸ್ತಾರಂತೆ. ಕೊಡಣ್ಣ."

ತೀರ್ಪು ಬರಲಿಲ್ಲ. ಅವರು ಪಟವನ್ನು ಇಳಿಸಿ, ಗಾಜು ಒರೆಸಿ, ಆಕೆಯ ಕೈಗಿಟ್ಟರು.

"ಕುಂಕುಮ ಗಾಜಿನ ಮೇಲೇ ಇಡಮ್ಮ. ಒಳಗಿರೋರಿಗೆ ಅಭ್ಯಾಸ ಇಲ್ಲ."