ಕಂಬದ ಹೆಣ್ಣಿಗೆ ಇಟ್ಟ ಕುಂಕುಮ

ಹೋದ ವರ್ಷ ಮಗಳು ಚಿತ್ರಕಲೆ ಕಾಲೇಜಿಗೆ ಅರ್ಜಿ ಹಾಕಿದ್ದಳು. ಸೋಮವಾರ ಐದು ಚಿತ್ರ ಕೊಡಬೇಕಿತ್ತು. ನಾಲ್ಕು ಬೇಗ ಮುಗಿದವು. ಐದನೆಯದು ಕ್ಯಾಸಂಬಳ್ಳಿ ಕಡೆಯ ಹಳೇ ಗುಡಿಯ ಕಂಬದಲ್ಲಿ ಕೆತ್ತಿದ ಹೆಣ್ಣು. ಅದಕ್ಕಾಗಿ ಎರಡು ವಾರ ಬಸ್ಸಿನಲ್ಲಿ ಓಡಾಡಿದಳು. ಬರೀ ಪೆನ್ಸಿಲಿನಲ್ಲಿ ಕಲ್ಲಿನ ತಂಪು ಬರುವ ಹಾಗೆ ಬರೆದಿದ್ದಳು.

ಶುಕ್ರವಾರ ಆ ಚಿತ್ರವನ್ನು ದೇವರ ಗೂಡಿನ ಪಕ್ಕ ಒರಗಿಸಿ ಬಂಗಾರಪೇಟೆಗೆ ಹೋದಳು. ನಾನು ಸ್ನಾನ ಮಾಡಿ ಪೂಜೆಗೆ ಕೂತೆ. ಪಟಗಳಿಗೆಲ್ಲ ಕುಂಕುಮ ಇಟ್ಟ ಮೇಲೆ ಚಿತ್ರದ ಹೆಣ್ಣಿನ ಬರಿ ಹಣೆ ಕಣ್ಣಿಗೆ ಬಿತ್ತು. ಕೈ ತಾನಾಗಿ ಹೋಯಿತು. ನೀರಲ್ಲಿ ಕಲೆಸಿದ ಅರಿಶಿನ, ಅದರ ಮೇಲೆ ಕುಂಕುಮ. ಕೆನ್ನೆವರೆಗೂ ಇಳಿಯಿತು.

ಮಗಳು ಬಂದು ನೋಡಿ ಅಳತೊಡಗಿದಳು.

“ಏನಮ್ಮಾ ಮಾಡ್ದೆ? ಇದು ದೇವ್ರಲ್ಲ, ಕಂಬದ ಬೊಂಬೆ!”

ಮೂಲೆಯಲ್ಲಿದ್ದ ಅತ್ತೆ, “ಅಂಗಾದ್ರೆ ಅಷ್ಟು ಲಕ್ಷಣವಾಗಿ ಯಾಕೆ ಬರ್ದೆ? ನಾನೂ ಬೆಳಗ್ಗೆ ಕೈ ಮುಗ್ದೆ ಕಣೇ” ಅಂದರು. ಅಳುತ್ತಿದ್ದವಳಿಗೆ ನಗು ಬಂತು. ಅದೇ ದೊಡ್ಡದು ಅಂದುಕೊಂಡೆ.

ಚಿತ್ರ ಮತ್ತೆ ಬರೆಯಲು ಉಳಿದದ್ದು ಎರಡೇ ದಿನ. ಶನಿವಾರ ಮೊದಲ ಬಸ್ಸಿಗೆ, ಅವಳಿಗೆ ಕೊಡೆ ಹಿಡಿಯಲು, ನಾನೂ ಹೊರಟೆ. ಮದುವೆಯಾದಾಗಿನಿಂದ ಆ ಗುಡಿಗೆ ಹೋಗುತ್ತಿದ್ದರೂ ಒಳಗಿನ ಅಮ್ಮನನ್ನು ಬಿಟ್ಟು ಬೇರೇನನ್ನೂ ನಾನು ನೋಡಿದವಳಲ್ಲ. ಅವತ್ತು ಆ ಕಂಬದ ಹೆಣ್ಣನ್ನು ನೋಡಿದೆ. ಭಾರವೆಲ್ಲ ಒಂದೇ ಕಾಲಿನ ಮೇಲೆ, ಇನ್ನೊಂದು ಮಂಡಿ ಸಡಿಲ, ಸೊಂಟ ಒಂದು ಕಡೆ, ತಲೆ ಇನ್ನೊಂದು ಕಡೆ.

“ಮೂರು ಕಡೆ ಬಾಗಿದಾಳೆ, ಅದಕ್ಕೆ ತ್ರಿಭಂಗ ಅಂತಾರೆ” ಅಂದಳು ಮಗಳು.

“ಆ ನೆರಿಗೆ ಎಷ್ಟು ನಯವಾಗಿ ಬರೀತೀಯೇ!”

“ಅದನ್ನ ಉರಿಗಾಂ ಚರ್ಚಲ್ಲಿರೋ ಮಾತೆ ಪ್ರತಿಮೆ ನೋಡಿ ಕಲ್ತೆ. ನಿಲ್ಲೋ ರೀತಿ ಮಾತ್ರ ನಿನ್ನ ನೋಡಿ. ನಲ್ಲಿ ಅತ್ರ ಬಿಂದಿಗೆ ಸೊಂಟಕ್ಕಿಟ್ಕೊಂಡು ಜಗಳ ಆಡ್ತೀಯಲ್ಲ, ಇಂಗೇ!”

“ಓಗೇ ಅತ್ಲಾಗೆ” ಅಂದೆ. ಆದರೆ ಆ ಶಿಲ್ಪಿಯೂ ತನ್ನ ಮನೆಯ ಹೆಂಗಸನ್ನು ನೋಡಿಯೇ ಕೆತ್ತಿರಬೇಕು ಅನ್ನಿಸಿತು. ಎಂಥ ಕಣ್ಣು ಅವನದು! ನನ್ನ ಮಗಳದೂ ಕಡಿಮೆಯಿಲ್ಲ.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಚಿತ್ರ ಮುಗಿಯಿತು. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ ಎಂದು ಅವಳೇ ಹೇಳಿದಳು. ನಾನು ಹತ್ತಿರ ಹೋಗಲಿಲ್ಲ, ದೂರದಿಂದಲೇ ನೋಡಿದೆ.

ಸೀಟು ಸಿಕ್ಕಿತು. ಅರ್ಚನೆ ಮಾಡಿಸಲು ಇಬ್ಬರೂ ಆ ಗುಡಿಗೆ ಹೋದೆವು. ಪೂಜಾರಪ್ಪ ಮಂಗಳಾರತಿಗೆ ಎರಡು ಸಲ ಕರೆಯುವವರೆಗೂ ನಾನು ಕಂಬದ ಹತ್ತಿರವೇ ನಿಂತಿದ್ದೆ.